ಕನ್ನಡಿಯಂಥ ಉಕ್ಕಿನ ಅಡಿಯಲ್ಲಿ

ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ತಿಂಗಳು ಈ ಅಂಕಣದಲ್ಲಿ ತುಕ್ಕಿನ ಬಗ್ಗೆ ಬರೆದಿದ್ದೆ. ಮುಂದಿನ ಸಲ ಬೇರಿಂಗ್ ಬಗ್ಗೆ ಕೇಳಿ ಅಂತ ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದೆ. ಅದಕ್ಕೆ ಇಷ್ಟೊಂದು ಪತ್ರ ಬಂದಿವೆ. ಒಬ್ಬರು ಕೆಟ್ಟ ಬೇರಿಂಗನ್ನೇ ಪಾರ್ಸೆಲ್ ಮಾಡಿದ್ದಾರೆ. ಬೇರಿಂಗ್ ಅಂದರೆ ಒಂದರೊಳಗೊಂದು ಎರಡು ಉಕ್ಕಿನ ರಿಂಗು, ನಡುವೆ ಉರುಳುವ ಉಕ್ಕಿನ ಗುಂಡುಗಳು; ಶಾಫ್ಟ್ ಸಲೀಸಾಗಿ ತಿರುಗುವುದು ಅದರಿಂದಲೇ. ಹೊಸ ಓದುಗರಿಗಾಗಿ ಒಂದು ಮಾತು: ನಾನು ಪೀಣ್ಯದ ಒಂದು ಲ್ಯಾಬಿನಲ್ಲಿ 28 ವರ್ಷ ಕೆಲಸ ಮಾಡಿದವಳು. ಮುರಿದ ಲೋಹದ ತುಂಡು ಬರುತ್ತಿತ್ತು. ಅದನ್ನು ಕತ್ತರಿಸಿ, ಉಜ್ಜಿ, ಮೈಕ್ರೋಸ್ಕೋಪಿನಲ್ಲಿ ನೋಡಿ, ಯಾಕೆ ಮುರಿಯಿತು ಅಂತ ಬರೆದುಕೊಡುವುದು ನನ್ನ ಕೆಲಸ.

ಪ್ರಶ್ನೆ: ಅಕ್ಕಾವರೇ, ನಮ್ಮದು ಹಿಟ್ಟಿನ ಗಿರಣಿ. 5 ಎಚ್‌ಪಿ ಮೋಟರು, ಬೆಲ್ಟಿನ ಮೇಲೆ ಕಲ್ಲು ತಿರುಗುತ್ತದೆ. ಪುಲ್ಲಿ ಕಡೆಯ 6206 ನಂಬರಿನ ಬೇರಿಂಗ್ ಒಂದೇ ವರ್ಷದಲ್ಲಿ ಮೂರು ಸಲ ಹೋಯಿತು. ಬಿಚ್ಚಿ ನೋಡಿದರೆ ಹೊರಗಿನ ರಿಂಗಿನ ಒಳಮೈಯಲ್ಲಿ ಎಳ್ಳುಕಾಳಿನಷ್ಟು ಒಂದು ಚಕ್ಕೆ ಎದ್ದಿದೆ. ಉಳಿದದ್ದೆಲ್ಲ ಕನ್ನಡಿ ಇದ್ದ ಹಾಗಿದೆ. ಗ್ರೀಸ್ ಚೆನ್ನಾಗೇ ಇತ್ತು. ಡೂಪ್ಲಿಕೇಟ್ ಮಾಲಲ್ಲ ಅಂತ ಅಂಗಡಿಯವರು ಆಣೆ ಮಾಡ್ತಾರೆ. ಒಂದು ಗೀರೂ ಬೀಳದ ಉಕ್ಕು ಹೇಗೆ ಕಿತ್ತು ಬರುತ್ತದೆ? ಬೇರಿಂಗ್ ಕಳಿಸಿದ್ದೇನೆ, ನೋಡಿ ಹೇಳಿ.
— ಗಿರಣಿ ಮಾಲೀಕರು, ರಾಣೆಬೆನ್ನೂರು

ಉತ್ತರ: ಯಜಮಾನರೇ, ಪಾರ್ಸೆಲ್ ತಲುಪಿತು. ಪೇಪರಿನ ಮಡಿಕೆಯಲ್ಲಿ ಗೋಧಿಹಿಟ್ಟು ಇನ್ನೂ ಇತ್ತು! ಕೆಟ್ಟ ಬೇರಿಂಗನ್ನು ಗುಜರಿಗೆ ಎಸೆಯದೆ ಕಳಿಸಿದಿರಲ್ಲ, ಅದಕ್ಕೆ ಮೊದಲು ಥ್ಯಾಂಕ್ಸ್. ಹೆಚ್ಚಿನವರು ಎಸೆದುಬಿಡುತ್ತಾರೆ. ಅದರ ಜೊತೆಗೆ ಕಾರಣವೂ ಗುಜರಿಗೆ ಹೋಗುತ್ತದೆ.

ಸೀಮೆಎಣ್ಣೆಯಲ್ಲಿ ತೊಳೆದೆ. ನೀವು ಹೇಳಿದ್ದು ನಿಜ. ಚಕ್ಕೆ ಎದ್ದ ಜಾಗ ಬಿಟ್ಟರೆ ಗುಂಡು ಓಡುವ ದಾರಿಯಲ್ಲಿ ನನ್ನ ಮುಖ ಕಾಣುತ್ತಿತ್ತು. ಹಳೆಯ ಸಹೋದ್ಯೋಗಿಗಳನ್ನು ಕೇಳಿಕೊಂಡು ಒಂದು ಶನಿವಾರ ಲ್ಯಾಬಿಗೆ ಹೋದೆ. ಹೊರರಿಂಗನ್ನು ಚಕ್ಕೆಯ ಪಕ್ಕದಲ್ಲೇ ಕತ್ತರಿಸಿದೆವು. ನೀರು ಬಿಡುತ್ತಾ ನಿಧಾನವಾಗಿ ಕತ್ತರಿಸಬೇಕು. ಬಿಸಿಯಾದರೆ ಉಕ್ಕಿನ ಒಳಗಿನ ರೂಪವೇ ಬದಲಾಗಿಬಿಡುತ್ತದೆ. ತುಂಡನ್ನು ಬೇಕಲೈಟಿನಲ್ಲಿ ಕೂರಿಸಿ, ಎಮರಿ ಪೇಪರಿನಲ್ಲಿ ಒರಟಿನಿಂದ ನಯಕ್ಕೆ ಉಜ್ಜುತ್ತಾ ಬಂದು, ಕೊನೆಗೆ ಬಟ್ಟೆಯ ಮೇಲೆ ವಜ್ರದ ಪೇಸ್ಟ್ ಹಚ್ಚಿ ತಿಕ್ಕಿದೆ. ಆಮೇಲೆ ನೈಟಲ್‌ನಲ್ಲಿ ಅದ್ದಿದೆ. ಆಲ್ಕೋಹಾಲಿಗೆ ನೂರಕ್ಕೆ ಎರಡು ಪಾಲು ನೈಟ್ರಿಕ್ ಆಮ್ಲ ಸೇರಿಸಿದ ದ್ರವ ಅದು. ಕೆಲವೇ ಸೆಕೆಂಡಿನಲ್ಲಿ ಹೊಳಪು ಹೋಗಿ ಉಕ್ಕು ಬೂದುಗಂದು ಬಣ್ಣಕ್ಕೆ ತಿರುಗುತ್ತದೆ.

ಮೈಕ್ರೋಸ್ಕೋಪಿನಲ್ಲಿ ಮೇಲಿನ ಅಂಚು ಸ್ಕೇಲ್ ಇಟ್ಟು ಗೆರೆ ಎಳೆದಂತೆ ನೇರವಾಗಿತ್ತು. ಚಕ್ಕೆಯಿಂದ ಎರಡು ಮಿಲಿಮೀಟರ್ ದೂರದ ಜಾಗ ಅದು. ಅಲ್ಲಿ ಮೇಲೆ ಏನೂ ಆಗಿಲ್ಲ. ಆದರೆ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ಕೆಳಗೆ, ಅಂದರೆ ತಲೆಗೂದಲಿನ ದಪ್ಪಕ್ಕಿಂತ ಸ್ವಲ್ಪ ಜಾಸ್ತಿ ಆಳದಲ್ಲಿ, ಒಂದು ಕಪ್ಪು ಗೆರೆ ಇತ್ತು. ಮೇಲ್ಮೈಗೆ ಹೆಚ್ಚುಕಡಿಮೆ ಸಮವಾಗಿ ಅಡ್ಡಕ್ಕೆ ಮಲಗಿತ್ತು. ಎರಡು ತುದಿಯೂ ಇನ್ನೂ ಹೊರಗೆ ಬಂದಿರಲಿಲ್ಲ. ಗಿರಣಿ ಇನ್ನಷ್ಟು ದಿನ ಓಡಿದ್ದರೆ ಎರಡನೇ ಚಕ್ಕೆ ಏಳುತ್ತಿದ್ದದ್ದು ಅಲ್ಲೇ.

ಪವರ್ ಜಾಸ್ತಿ ಮಾಡಿ, 500 ಪಟ್ಟಿನಲ್ಲಿ ಪಕ್ಕಕ್ಕೆ ಸರಿಸುತ್ತಾ ಹೋದೆ. ಅಲ್ಲಿ ಒಂದು ಪುಟ್ಟ ಕಪ್ಪು ಚುಕ್ಕೆ. ಅದರ ಎರಡು ಕಡೆಗೆ ಓರೆಯಾಗಿ ಚಾಚಿದ ಎರಡು ಬಿಳಿ ರೆಕ್ಕೆ. ನಮ್ಮ ಕೆಲಸದಲ್ಲಿ ಇದಕ್ಕೆ ಚಿಟ್ಟೆ ಅಂತಲೇ ಹೆಸರು. ಇಷ್ಟು ವರ್ಷ ನೋಡಿದ್ದರೂ ಕಂಡಾಗೆಲ್ಲ ಒಂದು ಕ್ಷಣ ಕೈ ನಿಲ್ಲುತ್ತದೆ.

ಆ ಚುಕ್ಕೆ ಎಲ್ಲಿಂದ ಬಂತು ಅಂತ ಹೇಳ್ತೀನಿ. ಕರಗಿದ ಉಕ್ಕಿನಲ್ಲಿ ಆಮ್ಲಜನಕ ಉಳಿಯಬಾರದು ಅಂತ ಅಲ್ಯೂಮಿನಿಯಂ ಹಾಕುತ್ತಾರೆ. ಎರಡೂ ಸೇರಿ ಅಲ್ಯೂಮಿನಾ ಆಗುತ್ತದೆ. ಬಹುಪಾಲು ಮೇಲೆ ತೇಲಿ ಹೋಗುತ್ತದೆ, ಒಂದಿಷ್ಟು ಒಳಗೇ ಉಳಿಯುತ್ತದೆ. ಅನ್ನದಲ್ಲಿ ಕಲ್ಲು ಸಿಕ್ಕ ಹಾಗೆ. ಉಕ್ಕು ತಣ್ಣಗಾಗುವಾಗ ಕುಗ್ಗಿದಷ್ಟು ಆ ಕಲ್ಲು ಕುಗ್ಗುವುದಿಲ್ಲ. ಹಾಗಾಗಿ ಸುತ್ತಲಿನ ಉಕ್ಕು ಹುಟ್ಟಿನಿಂದಲೇ ಬಿಗಿದುಕೊಂಡಿರುತ್ತದೆ. ಮೇಲೆ ಗುಂಡು ಹಾದುಹೋದಾಗಲೆಲ್ಲ ಆ ಕಲ್ಲಿನ ಪಕ್ಕದ ಉಕ್ಕು ಆಚೆ ಈಚೆ ನಲುಗುತ್ತದೆ. ನಲುಗಿ ನಲುಗಿ ಅದರ ಹರಳುಗಳು ನುಚ್ಚುನೂರಾಗುತ್ತವೆ. ಅಷ್ಟು ಸಣ್ಣದಾದ ಹರಳಿನ ಮೇಲೆ ಆಮ್ಲದ ಬಣ್ಣ ಹತ್ತುವುದಿಲ್ಲ. ಬಿಳಿ ರೆಕ್ಕೆ ಅಂದರೆ ಅದೇ. ರೆಕ್ಕೆಯ ಅಂಚಿನಲ್ಲೇ ಬಿರುಕು ಹುಟ್ಟಿ, ಅಡ್ಡಕ್ಕೆ ಬೆಳೆದು, ಕೊನೆಗೆ ಮೇಲಕ್ಕೆ ತಿರುಗುತ್ತದೆ. ಮೇಲೆ ಬಂದ ದಿನ ಚಕ್ಕೆ ಎದ್ದುಬರುತ್ತದೆ. ನಿಮ್ಮ ಕಣ್ಣಿಗೆ ಬಿದ್ದದ್ದು ಆ ಕೊನೆಯ ದಿನ ಮಾತ್ರ.

ಎಷ್ಟು ಸಲ ನಲುಗಿತು ಅಂತ ಲೆಕ್ಕ ಹಾಕಿದೆ. 6206ರಲ್ಲಿ 9 ಗುಂಡು. ಶಾಫ್ಟ್ ಒಂದು ಸುತ್ತು ಬರುವಷ್ಟರಲ್ಲಿ ಹೊರರಿಂಗಿನ ಒಂದು ಜಾಗದ ಮೇಲೆ ಸುಮಾರು ಮೂರೂವರೆ ಗುಂಡು ಹಾಯುತ್ತವೆ. ನಿಮಿಷಕ್ಕೆ 1440 ಸುತ್ತು, ದಿನಕ್ಕೆ ಎಂಟು ಗಂಟೆ ಅಂದರೆ ದಿನಕ್ಕೆ 24 ಲಕ್ಷ ಸಲ. ನಾಲ್ಕು ತಿಂಗಳಲ್ಲಿ ನೂರು ದಿನ ಓಡಿತು ಅಂದುಕೊಂಡರೂ 24 ಕೋಟಿ ಸಲ.

ಹಾಗಾದರೆ ಉಕ್ಕು ಕಳಪೆಯಾ? ಇಲ್ಲ. ಇಂಥ ಚುಕ್ಕೆ ಒಳ್ಳೆಯ ಕಂಪನಿಯ ಬೇರಿಂಗಿನಲ್ಲೂ ಇದ್ದೇ ಇರುತ್ತದೆ. ಅಂಗಡಿಯವರು ಹೇಳಿದ್ದು ಸರಿ ಅಂತ ನನಗನ್ನಿಸುತ್ತದೆ. ತಪ್ಪು ಎಲ್ಲಿದೆ ಅಂತ ಗುಂಡು ಓಡಿದ ದಾರಿಯೇ ಹೇಳುತ್ತದೆ. ಹೊರರಿಂಗಿನಲ್ಲಿ ಬೆಲ್ಟ್ ಎಳೆಯುವ ಕಡೆಗೆ ಒಂದು ಮಂಕು ಪಟ್ಟೆ ಇದೆ. ಅದು ಇರಬೇಕಾದದ್ದಕ್ಕಿಂತ ಬಹಳ ಅಗಲ. ಚಕ್ಕೆ ಎದ್ದದ್ದೂ ಆ ಪಟ್ಟೆಯ ನಟ್ಟನಡುವೆ. ನಿಮ್ಮ ಬೆಲ್ಟ್ ವಿಪರೀತ ಬಿಗಿ ಇದೆ.

ಇದರಲ್ಲಿ ಒಂದು ಕ್ರೂರವಾದ ಲೆಕ್ಕ ಇದೆ. 1947ರಲ್ಲಿ ಸ್ವೀಡನ್ನಿನ ಲುಂಡ್‌ಬರ್ಗ್ ಮತ್ತು ಪಾಮ್‌ಗ್ರೆನ್ ಪ್ರಕಟಿಸಿದ್ದು. ಗುಂಡಿನ ಬೇರಿಂಗಿನ ಮೇಲೆ ಭಾರ ಎರಡು ಪಟ್ಟಾದರೆ ಆಯುಸ್ಸು ಅರ್ಧ ಆಗುವುದಿಲ್ಲ, ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ನಿಮ್ಮ ಬೇರಿಂಗಿನ ಲೆಕ್ಕವನ್ನೇ ನೋಡಿ. ನೂರು ಕಿಲೋ ಎಳೆತ ಇದ್ದರೆ ಸುಮಾರು 85 ಸಾವಿರ ಗಂಟೆ. ಇನ್ನೂರಾದರೆ 10 ಸಾವಿರ ಚಿಲ್ಲರೆ. ನಾನೂರಾದರೆ 1,300 ಗಂಟೆ ಅಷ್ಟೇ. ಅದೂ ಏನು, ನೂರರಲ್ಲಿ ಹತ್ತು ಬೇರಿಂಗ್ ಅಷ್ಟರೊಳಗೇ ಹೋಗುತ್ತವೆ ಅನ್ನುವ ಗಂಟೆ ಅದು. ಅರ್ಧದಷ್ಟು ಬೇರಿಂಗ್ ಅದರ ಐದು ಪಟ್ಟು ಬಾಳುವುದೂ ಉಂಟು. ನಿಮ್ಮದು ಎಂಟುನೂರು ಗಂಟೆಗೆ ಹೋಗಿದೆ. ಒಂದು ಸಲ ಆದರೆ ನಸೀಬು ಅನ್ನಬಹುದು. ಮೂರು ಸಲ ಆದರೆ ಅಲ್ಲ.

ನಾನು ಊಹಿಸುವುದು ಹೀಗೆ. ಬೆಲ್ಟ್ ಹಳೆಯದಾಗಿ ಜಾರಿತು. ಜಾರಿದಾಗಲೆಲ್ಲ ಮೋಟರನ್ನು ಹಿಂದಕ್ಕೆ ಸರಿಸಿ ಬಿಗಿ ಮಾಡಿದಿರಿ. ಪುಲ್ಲಿಯಲ್ಲಿ ಬೆಲ್ಟ್ ಕೂರುವ ತೋಡು ಸವೆದು ತಳ ಹೊಳೆಯುತ್ತಿದೆಯಾ ನೋಡಿ. ಹೊಳೆಯುತ್ತಿದ್ದರೆ ಬೆಲ್ಟ್ ತಳಕ್ಕೆ ಕೂತಿದೆ, ಎಷ್ಟು ಬಿಗಿದರೂ ಜಾರುತ್ತದೆ. ಪುಲ್ಲಿ, ಬೆಲ್ಟ್ ಎರಡೂ ಬದಲಾಯಿಸಿ. ಎರಡು ಬೆಲ್ಟ್ ಇದ್ದರೆ ಜೋಡಿಯಾಗೇ ಬದಲಾಯಿಸಿ. ಪುಲ್ಲಿಗಳ ನಡುವೆ ಒಂದು ಮೀಟರ್ ಇದ್ದರೆ, ಬೆಲ್ಟನ್ನು ಮಧ್ಯದಲ್ಲಿ ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿದಾಗ ಒಂದೂವರೆ ಸೆಂಟಿಮೀಟರಿನಷ್ಟು ತಗ್ಗಬೇಕು. ವೀಣೆಯ ತಂತಿಯ ಹಾಗೆ ಟಣ್ ಅಂದರೆ ಜಾಸ್ತಿ ಆಯಿತು ಅಂತಲೇ ಅರ್ಥ. ಪುಲ್ಲಿಯನ್ನು ಶಾಫ್ಟಿನ ತುದಿಯಲ್ಲಿ ನೇತುಹಾಕಬೇಡಿ. ಮೋಟರಿನ ಹತ್ತಿರಕ್ಕೆ ಎಷ್ಟು ತಳ್ಳಲಾಗುತ್ತದೋ ಅಷ್ಟು ತಳ್ಳಿ.

ಇನ್ನೊಂದು ವಿಷಯ. ಹೊಸ ಬೇರಿಂಗನ್ನು ಶಾಫ್ಟಿಗೆ ಏರಿಸುವಾಗ ಹೊರರಿಂಗಿನ ಮೇಲೆ ಸುತ್ತಿಗೆ ಪೆಟ್ಟು ಬೀಳಬಾರದು. ಆ ಪೆಟ್ಟು ಗುಂಡಿನ ಮೂಲಕ ದಾಟಿ ರಿಂಗಿನ ಮೇಲೆ ತಗ್ಗು ಮಾಡುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ತಗ್ಗು ಸಾಕು, ದಣಿವು, ಅಂದರೆ ನಲುಗಿ ನಲುಗಿ ಉಕ್ಕು ಸೋಲುವುದು, ಅಲ್ಲಿಂದ ಶುರುವಾಗುತ್ತದೆ. ಒಳರಿಂಗಿಗೆ ಸರಿಹೊಂದುವ ಪೈಪು ಇಟ್ಟು ಅದರ ಮೇಲೆ ಹೊಡೆಯಿರಿ.

ಪ್ರಶ್ನೆ: ಸೈಕಲ್ ಹಬ್ಬಿಗೆ ಹೊಸ ಗುಂಡು, ಹೊಸ ಗ್ರೀಸ್ ಹಾಕಿದರೂ ಕರಕರ ಅನ್ನುವುದು ನಿಲ್ಲುತ್ತಿಲ್ಲ. ಯಾಕೆ?
— ಸೈಕಲ್ ಶಾಪ್, ತಿಪಟೂರು

ಉತ್ತರ: ಕೋನ್, ಅಂದರೆ ಆಕ್ಸಲಿನ ಮೇಲೆ ಕೂರುವ, ಗುಂಡು ಓಡುವ ತುಂಡು, ಅದನ್ನು ಬದಲಾಯಿಸಿ. ಚಕ್ಕೆ ಎದ್ದಿರುವುದು ಕೋನಿನ ಮೇಲೆ. ಅದರ ದಾರಿ ಸಣ್ಣದು, ಅದೇ ಗೆರೆಯ ಮೇಲೆ ಎಲ್ಲಾ ಗುಂಡೂ ಓಡುತ್ತವೆ. ಬಾಲ್‌ಪೆನ್ನಿನ ತುದಿಯನ್ನು ಆ ಗೆರೆಯ ಮೇಲೆ ಮೆಲ್ಲಗೆ ಆಡಿಸಿ. ಎಲ್ಲಾದರೂ ಸಿಕ್ಕಿಕೊಂಡ ಹಾಗಾದರೆ ಅಲ್ಲಿ ಗುಳಿ ಇದೆ. ಹಬ್ಬಿನಲ್ಲಿ ಗುಂಡು ಕೂರುವ ಬಟ್ಟಲಿನ (ಕಪ್) ಒಳಗೂ ಹಾಗೇ ನೋಡಿ. ಗುಳಿ ಬಿದ್ದ ಕೋನಿನ ಮೇಲೆ ಹೊಸ ಗುಂಡು ಹಾಕಿದರೆ ಗುಂಡೂ ಕೆಡುತ್ತದೆ.

ಪ್ರಶ್ನೆ: ಮೇಡಂ, ನಾನು ಐಟಿಐ ಫಿಟ್ಟರ್ ಎರಡನೇ ವರ್ಷ. ಬೇರಿಂಗಿನಲ್ಲಿ ಬಿರುಕು ಒಳಗಡೆ ಹುಟ್ಟುತ್ತದೆ ಅಂತ ಸರ್ ಹೇಳಿದರು. ನನಗೆ ಎರಡು ಡೌಟು. ಗುಂಡು ಒತ್ತುವುದು ಮೇಲೆ. ಮೇಲೆ ಕಡಿಮೆ, ಒಳಗೆ ಜಾಸ್ತಿ ಹೇಗೆ ಆಗುತ್ತದೆ? ಎರಡನೆಯದು, ಎಳೆದರೆ ಬಿರುಕು ಬಿಡುತ್ತದೆ ಸರಿ, ಒತ್ತಿದರೆ ಬಿರುಕು ಮುಚ್ಚಿಕೊಳ್ಳಬೇಕಲ್ವಾ?
— ವಿದ್ಯಾರ್ಥಿ, ಕಲಬುರಗಿ

ಉತ್ತರ: ತಮ್ಮಾ, ಈ ಎರಡು ಡೌಟು ನನಗೂ ಇದ್ದವು. ಕೆಲಸಕ್ಕೆ ಸೇರಿ ಮೂರು ವರ್ಷ ಆದ ಮೇಲೂ ಯಾರನ್ನೂ ಕೇಳಿರಲಿಲ್ಲ. ನೀನು ಎರಡನೇ ವರ್ಷದಲ್ಲೇ ಕೇಳಿದ್ದೀಯ. ತುಂಬಾ ಸಂತೋಷ ಆಯಿತು.

ಮೊದಲನೆಯದಕ್ಕೆ ಬರೋಣ. ರಥೋತ್ಸವಕ್ಕೆ ಹೋಗಿದ್ದೀಯಲ್ಲ? ತೇರಿನ ಹತ್ತಿರ ಜನ ನಾಲ್ಕೂ ಕಡೆಯಿಂದ ಒತ್ತುತ್ತಾರೆ. ಉಸಿರು ಕಟ್ಟುತ್ತದೆ, ಆದರೆ ಅಲ್ಲಿ ಬೀಳಲು ಆಗುವುದಿಲ್ಲ. ಎಲ್ಲಾ ಕಡೆಯಿಂದ ಒತ್ತಡ ಸಮ ಇದೆ. ಬೀಳುವುದು ಯಾರು? ಗುಂಪಿನ ಅಂಚಿನಲ್ಲಿ ಇರುವವನು. ಅವನಿಗೆ ಒಂದು ಕಡೆಯಿಂದ ನೂಕು ಇದೆ, ಪಕ್ಕದಿಂದ ಆಸರೆ ಇಲ್ಲ.

ಗುಂಡಿನ ಅಡಿಯಲ್ಲೂ ಇದೇ ಆಗುತ್ತದೆ. ಗುಂಡು ಮುಟ್ಟುವ ಜಾಗ ತುಂಬಾ ಸಣ್ಣದು, ಒತ್ತಡ ವಾತಾವರಣದ ಒತ್ತಡದ ಹತ್ತಿಪ್ಪತ್ತು ಸಾವಿರ ಪಟ್ಟು. ಸಮುದ್ರದ ಅತಿ ಆಳದ ತಳದಲ್ಲೂ ಸಾವಿರ ಚಿಲ್ಲರೆ ಪಟ್ಟು ಇರುವುದು, ನೆನಪಿಟ್ಟುಕೋ. ಮೇಲ್ಮೈಯಲ್ಲಿರುವ ಉಕ್ಕು ಕೆಳಕ್ಕೂ ಒತ್ತಿಸಿಕೊಳ್ಳುತ್ತದೆ, ಪಕ್ಕಕ್ಕೆ ಹಿಗ್ಗಲು ಹೋದರೆ ಸುತ್ತಲಿನ ಉಕ್ಕು ಬಿಡುವುದಿಲ್ಲ. ಹಾಗಾಗಿ ಎಲ್ಲಾ ಕಡೆಯಿಂದಲೂ ಹೆಚ್ಚುಕಡಿಮೆ ಸಮ ಒತ್ತಡ. ಜಾರುವುದಕ್ಕೆ ದಾರಿಯೇ ಇಲ್ಲ. ಸ್ವಲ್ಪ ಕೆಳಗೆ ಹೋದರೆ ಪಕ್ಕದ ಒತ್ತಡ ಬೇಗ ಬೇಗ ಇಳಿದುಬಿಡುತ್ತದೆ. ಮೇಲಿನಿಂದ ಬರುವ ಒತ್ತಡ ಅಷ್ಟು ಬೇಗ ಇಳಿಯುವುದಿಲ್ಲ. ಈ ಎರಡರ ನಡುವಿನ ವ್ಯತ್ಯಾಸವೇ ಉಕ್ಕನ್ನು ಪದರ ಪದರವಾಗಿ ಜಾರಿಸಲು ನೋಡುವುದು. ಗುಂಡಿನ ಬದಲು ಉದ್ದನೆಯ ಉರುಳೆ ಇದ್ದರೆ, ಅಂದರೆ ರೋಲರಿನ ವಿಷಯದಲ್ಲಿ, ಮುಟ್ಟುವ ಪಟ್ಟಿಯ ಅರ್ಧ ಅಗಲ ಎಷ್ಟೋ ಅದರ ನೂರಕ್ಕೆ 78ರಷ್ಟು ಆಳದಲ್ಲಿ ಆ ವ್ಯತ್ಯಾಸ ಅತಿ ಹೆಚ್ಚು. ಮೇಲಿನ ಒತ್ತಡ ನೂರು ಪಾಲು ಅಂದರೆ ಅಲ್ಲಿ ಜಾರಿಸುವ ಬಲ 30 ಪಾಲು.

ಇದರ ಬುನಾದಿ ಹಾಕಿದವನು ಹೈನ್‌ರಿಚ್ ಹರ್ಟ್ಸ್. ರೇಡಿಯೋ ಅಲೆಗಳ ಹರ್ಟ್ಸ್, ಅವನೇ. 1880ರ ಕ್ರಿಸ್‌ಮಸ್ ರಜೆಯಲ್ಲಿ ಬರ್ಲಿನ್ನಿನಲ್ಲಿ ಈ ಲೆಕ್ಕ ಬಿಡಿಸಿದ. ಆಗ ಅವನಿಗೆ 23 ವರ್ಷ. ಅವನ ತಲೆಯಲ್ಲಿದ್ದದ್ದು ಬೇರಿಂಗಲ್ಲ. ಗಾಜಿನ ಮಸೂರ ಎರಡನ್ನು ಒಂದರ ಮೇಲೊಂದು ಒತ್ತಿದರೆ ಅವು ಎಷ್ಟು ಚಪ್ಪಟೆಯಾಗುತ್ತವೆ, ಅದರಿಂದ ಬೆಳಕಿನ ಉಂಗುರಗಳು ಹೇಗೆ ಬದಲಾಗುತ್ತವೆ ಅಂತ ಯೋಚಿಸುತ್ತಿದ್ದ. ನೀನು ನಿನ್ನ ಟೂಲ್ ರೂಮಿನಲ್ಲಿ ಹಿಡಿಯುವ ಪ್ರತಿ ಬೇರಿಂಗಿನ ಹಿಂದೆ ಆ ರಜೆಯ ಲೆಕ್ಕ ಇದೆ.

ಈಗ ಎರಡನೆಯದು. ನೀನು ಹೇಳಿದ್ದು ಸರಿ, ಒತ್ತಿದರೆ ಬಿರುಕು ಮುಚ್ಚಿಕೊಳ್ಳುತ್ತದೆ. ಆದರೆ ಗುಂಡು ಒಂದೇ ಕಡೆ ನಿಲ್ಲುವುದಿಲ್ಲ, ಉರುಳುತ್ತದೆ. ಅದು ಹತ್ತಿರ ಬರುವಾಗ ಒಳಗಿನ ಪದರವನ್ನು ಒಂದು ದಿಕ್ಕಿಗೆ ಜಾರಿಸುತ್ತದೆ, ದಾಟಿ ಹೋಗುವಾಗ ಎದುರು ದಿಕ್ಕಿಗೆ. ಮೇಲಿನ ಒತ್ತಡ ನೂರು ಅಂದರೆ ಆ ಕಡೆಗೆ 25, ಈ ಕಡೆಗೆ 25. ಪ್ರತಿ ಗುಂಡಿಗೂ ಒಂದು ಸಲ ಹೀಗೆ ದಿಕ್ಕು ಬದಲು. ತಂತಿಯನ್ನು ಆಚೆ ಈಚೆ ಬಗ್ಗಿಸಿ ಮುರಿಯುತ್ತೀವಲ್ಲ, ಹಾಗೆ.

ಎರಡು ಅಂಗೈ ಗಟ್ಟಿಯಾಗಿ ಜೋಡಿಸಿ ಒತ್ತಿಕೋ. ಹಾಗೇ ಒತ್ತುತ್ತಾ ಹಿಂದೆ ಮುಂದೆ ಉಜ್ಜು. ಬಿರುಕಿನ ಎರಡು ಮುಖ ಇರುವುದು ಹೀಗೇ. ಮುಚ್ಚಿಯೇ ಇವೆ, ಆದರೂ ಒಂದರ ಮೇಲೊಂದು ಜಾರುತ್ತಿವೆ. ತುದಿಯಲ್ಲಿ ಆ ಜಾರಾಟ ಬಂದು ನಿಲ್ಲುತ್ತದೆ, ಅಲ್ಲಿ ಉಕ್ಕು ಸ್ವಲ್ಪ ಸ್ವಲ್ಪವೇ ಬಿಟ್ಟುಕೊಡುತ್ತದೆ. ಒತ್ತಡ ಇರುವುದರಿಂದಲೇ ಈ ಬೆಳವಣಿಗೆ ನಿಧಾನ. ಎಳೆತದಲ್ಲಿ ಇಷ್ಟೇ ಬಲ ಬಿದ್ದಿದ್ದರೆ ಬೇರಿಂಗ್ ಒಂದು ದಿನವೂ ಬಾಳುತ್ತಿರಲಿಲ್ಲ. ಬಿರುಕು ಉದ್ದ ಆದ ಮೇಲೆ ಅದರ ಮೇಲಿನ ಪದರ ತೆಳು ಎಲೆಯಂತಾಗುತ್ತದೆ. ಪ್ರತಿ ಗುಂಡೂ ಅದನ್ನು ಬಗ್ಗಿಸುತ್ತದೆ. ಆಗ ಎಳೆತವೂ ಸೇರಿ ತುದಿ ಮೇಲಕ್ಕೆ ತಿರುಗುತ್ತದೆ.

ಒಂದು ಕೆಲಸ ಮಾಡು. ವರ್ಕ್‌ಶಾಪಿನಲ್ಲಿ ಚಕ್ಕೆ ಎದ್ದ ಬೇರಿಂಗ್ ಸಿಕ್ಕರೆ ಆ ಗುಳಿಯನ್ನು ಲೆನ್ಸ್ ಇಟ್ಟು ನೋಡು. ಗುಳಿಯ ತಳ ಹೆಚ್ಚುಕಡಿಮೆ ಚಪ್ಪಟೆ, ಗೋಡೆ ಕಡಿದಾಗಿ ಇರುತ್ತದೆ. ಬಿರುಕು ಅಡ್ಡಕ್ಕೆ ನಡೆದ ದಾರಿ ಆ ತಳ, ಮೇಲಕ್ಕೆ ತಿರುಗಿದ ಜಾಗ ಆ ಗೋಡೆ.

ಪ್ರಶ್ನೆ: ನಮ್ಮ ಮನೆ ರೈಲು ಹಳಿಯ ಹತ್ತಿರ ಇದೆ. ರಾತ್ರಿ ಒಂದು ಯಂತ್ರದ ಗಾಡಿ ಕಿಡಿ ಹಾರಿಸುತ್ತಾ ಹಳಿಯನ್ನೇ ಉಜ್ಜಿಕೊಂಡು ಹೋಯಿತು. ಚೆನ್ನಾಗಿರುವ ಹಳಿಯನ್ನು ಯಾಕೆ ಸವೆಸುತ್ತಾರೆ? ಇದು ದುಂದಲ್ಲವೇ?
— ನಿವೃತ್ತ ಶಿಕ್ಷಕರು, ಅರಸೀಕೆರೆ

ಉತ್ತರ: ಮೇಷ್ಟ್ರೇ, ದುಂದಲ್ಲ. ಆ ಕಿಡಿ ನೋಡಿದರೆ ನನಗಂತೂ ಸಮಾಧಾನ ಆಗುತ್ತದೆ.

ರೈಲಿನ ಒಂದು ಗಾಲಿಯ ಮೇಲೆ ಹತ್ತು ಟನ್ನಿನಷ್ಟು ಭಾರ ಇರಬಹುದು. ಅದು ಹಳಿಯನ್ನು ಮುಟ್ಟುವ ಜಾಗ ನಿಮ್ಮ ಹೆಬ್ಬೆರಳಿನ ಉಗುರಿನಷ್ಟು. ಬೇರಿಂಗಿಗೂ ಹಳಿಗೂ ಒಂದು ಮುಖ್ಯ ವ್ಯತ್ಯಾಸ ಇದೆ. ಬೇರಿಂಗಿನಲ್ಲಿ ಎಣ್ಣೆಯ ಪೊರೆ ಇರುತ್ತದೆ. ಹಳಿಯ ಮೇಲೆ ಗಾಲಿ ಹಿಡಿದುಕೊಂಡು ಎಳೆಯಬೇಕು, ಬ್ರೇಕ್ ಹಾಕಬೇಕು, ತಿರುವಿನಲ್ಲಿ ತಿರುಗಬೇಕು. ಅಂದರೆ ಘರ್ಷಣೆ ಜಾಸ್ತಿ. ಅಡ್ಡ ಎಳೆತ ಒತ್ತಡದ ಮೂರನೇ ಒಂದು ಭಾಗದ ಹತ್ತಿರಕ್ಕೆ ಏರಿದರೆ, ಅತಿ ಹೆಚ್ಚು ನಲುಗುವ ಜಾಗ ಒಳಗಿನಿಂದ ಮೇಲಕ್ಕೇ ಬಂದುಬಿಡುತ್ತದೆ. ಹಾಗಾಗಿ ಹಳಿಯಲ್ಲಿ ಬಿರುಕು ಸಾಮಾನ್ಯವಾಗಿ ಮೇಲ್ಮೈಯಲ್ಲೇ ಹುಟ್ಟಿ, ಮೀನಿನ ಪೊರೆಯಂತೆ ಓರೆಯಾಗಿ ಒಳಗೆ ಇಳಿಯುತ್ತದೆ. ಮೊದಮೊದಲು ಅಡಿಯಲ್ಲೇ ಅಡ್ಡಕ್ಕೆ ಹೋಗುತ್ತದೆ. ಕೆಲವು ಬಿರುಕು ಮಾತ್ರ ಇದ್ದಕ್ಕಿದ್ದಂತೆ ಕೆಳಕ್ಕೆ ತಿರುಗುತ್ತವೆ. ಹಾಗೆ ತಿರುಗಿದ ಬಿರುಕು ಹಳಿಯನ್ನೇ ಅಡ್ಡಕ್ಕೆ ಕತ್ತರಿಸುತ್ತದೆ.

ಮಳೆಯ ನೀರು ಇದಕ್ಕೆ ಸಹಾಯ ಮಾಡುತ್ತದೆ. ತೆರೆದ ಬಿರುಕಿನೊಳಗೆ ನೀರು ಇಳಿಯುತ್ತದೆ. ಗಾಲಿ ಬಂದು ಬಾಯಿ ಮುಚ್ಚುತ್ತದೆ. ಒಳಗೆ ಸಿಕ್ಕ ನೀರಿಗೆ ಹೋಗಲು ಜಾಗ ಇಲ್ಲ, ಅದು ತುದಿಯನ್ನು ಬಿಡಿಸುತ್ತದೆ. 1935ರಲ್ಲೇ ಸ್ಟುವರ್ಟ್ ವೇ ಅನ್ನುವವರು ಉರುಳೆಗಳ ಮೇಲೆ ಪ್ರಯೋಗ ಮಾಡಿ ತೋರಿಸಿದ್ದರು. ಎಣ್ಣೆ ಇದ್ದಾಗ ಗುಳಿ ಬಿತ್ತು, ಒಣಗಿದ್ದಾಗ ಬೀಳಲಿಲ್ಲ.

ಬ್ರಿಟನ್ನಿನ ಹ್ಯಾಟ್‌ಫೀಲ್ಡ್ ಹೆಸರು ನೀವು ಕೇಳಿರಬಹುದು. 2000ನೇ ಇಸವಿ ಅಕ್ಟೋಬರ್ 17. ಲಂಡನ್ನಿನಿಂದ ಲೀಡ್ಸ್‌ಗೆ ಹೊರಟ ರೈಲು ಗಂಟೆಗೆ 185 ಕಿಲೋಮೀಟರ್ ವೇಗದಲ್ಲಿ ಒಂದು ತಿರುವಿಗೆ ಬಂತು. ಹಳಿಯ ಒಳ ಅಂಚಿನಲ್ಲಿ ಇಂಥ ಬಿರುಕುಗಳು ಸಾಲಾಗಿ ಇದ್ದವು. ಗಾಲಿಗಳ ಅಡಿಯಲ್ಲಿ ಹಳಿ 300ಕ್ಕಿಂತ ಹೆಚ್ಚು ಚೂರಾಯಿತು. ನಾಲ್ಕು ಜನ ತೀರಿಕೊಂಡರು. ಆ ಹಳಿ ಕೆಟ್ಟಿದೆ ಅಂತ ಮೊದಲೇ ಗೊತ್ತಿತ್ತು. ಈ ವಿಷಯ ನೆನೆದಾಗಲೆಲ್ಲ ನನಗೆ ಹೊಟ್ಟೆ ಸಂಕಟ ಆಗುತ್ತದೆ. ವರದಿ ಬರೆಯುವವರ ಕೆಲಸ ಬರೆದ ದಿನಕ್ಕೆ ಮುಗಿಯುವುದಿಲ್ಲ. ಅದನ್ನು ಓದಿ ಯಾರಾದರೂ ಸ್ಪ್ಯಾನರ್ ಹಿಡಿಯಬೇಕು.

ನಿಮ್ಮ ಊರಿನ ಹಳಿ ಉಜ್ಜುವ ಯಂತ್ರದ ಕೆಲಸ ಇದೇ. ಬಿರುಕು ಇನ್ನೂ ಚರ್ಮದಷ್ಟು ಆಳದಲ್ಲಿರುವಾಗಲೇ ಆ ಚರ್ಮವನ್ನು ತೆಗೆದುಹಾಕುವುದು. ಸವೆತ ಬಿರುಕಿಗಿಂತ ಒಂದು ಹೆಜ್ಜೆ ಮುಂದೆ ಇದ್ದರೆ ಬಿರುಕು ಎಂದೂ ದೊಡ್ಡದಾಗುವುದಿಲ್ಲ. ಜೊತೆಗೆ ಹಳಿಯ ಆಕಾರವೂ ಸರಿಯಾಗಿ, ಗಾಲಿ ಕೂರುವ ಜಾಗ ಅಗಲ ಆಗುತ್ತದೆ. ಅಲ್ಟ್ರಾಸಾನಿಕ್ ಯಂತ್ರ ತಳ್ಳಿಕೊಂಡು ಹಳಿ ಪರೀಕ್ಷೆ ಮಾಡುವವರನ್ನೂ ನೀವು ನೋಡಿರುತ್ತೀರಿ. ಮೇಲೆ ಬಿರುಕು ತುಂಬಿದ್ದರೆ ಅವು ಆ ಶಬ್ದವನ್ನು ತಡೆದು, ಕೆಳಗಿರುವ ದೊಡ್ಡ ಬಿರುಕನ್ನು ಮರೆಮಾಚುತ್ತವೆ. ಉಜ್ಜಿದ ಹಳಿಯಲ್ಲಿ ಒಳಗಿನದ್ದು ಚೆನ್ನಾಗಿ ಕೇಳಿಸುತ್ತದೆ.

ಗಾಲಿಯ ಕಥೆ ಸ್ವಲ್ಪ ಬೇರೆ. ಅಲ್ಲಿ ಮೇಲಿನ ಬಿರುಕೂ ಉಂಟು, ಒಳಗಿನದ್ದೂ ಉಂಟು. ಗಾಲಿಯ ಅಂಚಿನಲ್ಲಿ ಒಂದೆರಡು ಸೆಂಟಿಮೀಟರ್ ಒಳಗೆ ಒಂದು ಮಿಲಿಮೀಟರಿನಷ್ಟು ಗಾಳಿಗುಳ್ಳೆಯೋ ಅಲ್ಯೂಮಿನಾ ತುಣುಕೋ ಉಳಿದಿದ್ದರೆ, ಅಲ್ಲಿಂದ ಬೆಳೆದ ಬಿರುಕು ಅಂಚಿನ ದೊಡ್ಡ ತುಂಡನ್ನೇ ಕಿತ್ತುಬಿಡಬಹುದು. ನಮ್ಮ ಯಲಹಂಕದ ಗಾಲಿ ಕಾರ್ಖಾನೆಯಲ್ಲಿ ಎರಕದ ಗಾಲಿಗಳನ್ನು ಅಲ್ಟ್ರಾಸಾನಿಕ್‌ನಲ್ಲಿ ಪರೀಕ್ಷಿಸಿ ಹೊರಗೆ ಕಳಿಸುವುದು ಇಂಥದ್ದು ತಪ್ಪಿಸಿಕೊಳ್ಳಬಾರದು ಅಂತಲೇ.

ಪ್ರಶ್ನೆ: ನಾನು ಗಾಳಿಯಂತ್ರಗಳ ನಿರ್ವಹಣೆ ಕೆಲಸದಲ್ಲಿದ್ದೇನೆ. 20 ವರ್ಷ ಬರಬೇಕಾದ ಗೇರ್‌ಬಾಕ್ಸಿನ ಬೇರಿಂಗ್ ಎರಡೇ ವರ್ಷಕ್ಕೆ ಒಳರಿಂಗ್ ಸೀಳಿ ಹೋಯಿತು. ಭಾರ ಜಾಸ್ತಿ ಇರಲಿಲ್ಲ. ಗ್ಯಾಸ್ ಕಟರಿನಲ್ಲಿ ಕತ್ತರಿಸಿ ತೆಗೆದೆವು. ಇದೂ ಅದೇ ದಣಿವೇ?
— ಟೆಕ್ನಿಷಿಯನ್, ಚಿತ್ರದುರ್ಗ

ಉತ್ತರ: ಅದೇ ಕುಟುಂಬದ್ದು, ಆದರೆ ಸ್ವಭಾವ ಬೇರೆ. ಲೆಕ್ಕದ ಆಯುಸ್ಸಿನ ಸಣ್ಣ ಪಾಲಿನಲ್ಲೇ ಹೀಗೆ ಸೀಳುವುದು ಗಾಳಿಯಂತ್ರಗಳಲ್ಲಿ ಲೋಕದ ತುಂಬಾ ಕಂಡಿದೆ. ಕತ್ತರಿಸಿ ನೋಡಿದರೆ ಒಳಗೆ ಬಿರುಕುಗಳ ಬಲೆ, ಅವುಗಳ ಅಂಚಿಗೆ ಮೇಲೆ ಹೇಳಿದ ಚಿಟ್ಟೆ ರೆಕ್ಕೆಯ ಬಿಳುಪು. ಗಾಳಿ ಕಡಿಮೆ ಇದ್ದಾಗ ರೋಲರ್ ಉರುಳದೆ ಜಾರುವುದು, ಬ್ರೇಕ್ ಬಿದ್ದಾಗ ಭಾರ ಥಟ್ಟನೆ ದಿಕ್ಕು ಬದಲಿಸುವುದು, ಬೇರಿಂಗಿನ ಮೂಲಕ ಕರೆಂಟ್ ಸೋರುವುದು, ಎಣ್ಣೆ ಮತ್ತು ನೀರಿನಿಂದ ಬಿಡುಗಡೆಯಾದ ಹೈಡ್ರೋಜನ್ ಉಕ್ಕಿನೊಳಗೆ ಸೇರುವುದು, ಇವುಗಳಲ್ಲಿ ಯಾವುದು ಮುಖ್ಯ ಅಂತ ತಜ್ಞರ ನಡುವೆ ಇನ್ನೂ ವಾದ ನಡೆದಿದೆ. ರೋಲರಿಗೂ ರಿಂಗಿಗೂ ಕಪ್ಪು ಆಕ್ಸೈಡ್ ಲೇಪನ ಕೊಟ್ಟ ಬೇರಿಂಗ್‌ಗಳು ಈಗ ಹೆಚ್ಚಾಗಿ ಬಳಕೆಯಲ್ಲಿವೆ. ಮುಂದಿನ ಸಲ ಅದನ್ನು ಕೇಳಿ ನೋಡಿ.

ನಿಮ್ಮ ಪತ್ರದಲ್ಲಿ ನನಗೆ ಬೇಸರ ಆದದ್ದು ಗ್ಯಾಸ್ ಕಟರ್ ವಿಷಯ. ಅಷ್ಟು ಎತ್ತರದಲ್ಲಿ, ಆ ಇಕ್ಕಟ್ಟಿನಲ್ಲಿ ಬೇರೆ ದಾರಿ ಇರಲಿಲ್ಲ ಅಂತ ಗೊತ್ತು. ಆದರೆ ಆ ಬೆಂಕಿಯಲ್ಲಿ ಸಾಕ್ಷಿ ಸುಟ್ಟುಹೋಗುತ್ತದೆ. ಕತ್ತರಿಸಲೇಬೇಕಾದರೆ ಸೀಳಿನಿಂದ ಆದಷ್ಟು ದೂರ, ರಿಂಗಿನ ಎದುರು ಬದಿಯಲ್ಲಿ ಕತ್ತರಿಸಿ. ಸೀಳು ಇರುವ ಅರ್ಧಕ್ಕೆ ಎಣ್ಣೆ ಸವರಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಎಷ್ಟು ಗಂಟೆ ಓಡಿತ್ತು ಅಂತ ಚೀಟಿ ಬರೆದು ಲ್ಯಾಬಿಗೆ ಕಳಿಸಿ.

ಪ್ರಶ್ನೆ: ಸ್ಕ್ರೂಡ್ರೈವರ್ ಕಿವಿಗಿಟ್ಟು ಬೇರಿಂಗ್ ಕೆಟ್ಟಿದೆ ಅಂತ ಹೇಳುತ್ತಾರಲ್ಲ, ನಿಜವೇ? ನನ್ನ ಮಾವ ಹಾಗೆ ಹೇಳುತ್ತಿದ್ದರು. ನಮ್ಮ ಮನೆಯಲ್ಲಿ ಸಣ್ಣ ಎಣ್ಣೆ ಗಾಣ ಇದೆ, ನಾನೇ ನೋಡಿಕೊಳ್ಳುತ್ತೇನೆ.
— ಗೃಹಿಣಿ, ಹರಿಹರ

ಉತ್ತರ: ನಿಜ ಕಣಮ್ಮಾ. ನನ್ನ ಅಪ್ಪ ದಾವಣಗೆರೆಯ ಒಂದು ಹತ್ತಿ ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದರು. ಬೆಳಿಗ್ಗೆ ಪಾಳಿಗೆ ಹೋದ ತಕ್ಷಣ ಉದ್ದನೆಯ ಸ್ಕ್ರೂಡ್ರೈವರ್ ಹಿಡಿದು ಒಂದೊಂದೇ ಬೇರಿಂಗ್ ಪೆಟ್ಟಿಗೆಯನ್ನು ಕೇಳುತ್ತಾ ಬರುತ್ತಿದ್ದರಂತೆ. ಹತ್ತಿ ಮಿಲ್ಲಿಗೂ ಬೇರಿಂಗಿಗೂ ಹಳೆಯ ನಂಟು. 1907ರಲ್ಲಿ ಓರೆಯಾದ ಶಾಫ್ಟಿಗೂ ಹೊಂದಿಕೊಳ್ಳುವ ಗುಂಡಿನ ಬೇರಿಂಗ್ ಕಂಡುಹಿಡಿದ ಸ್ವೆನ್ ವಿಂಗ್‌ಕ್ವಿಸ್ಟ್ ಕೂಡ ಸ್ವೀಡನ್ನಿನ ಗೋಥೆನ್‌ಬರ್ಗಿನ ಬಟ್ಟೆ ಮಿಲ್ಲಿನ ಎಂಜಿನಿಯರ್. ಅಲ್ಲಿನ ಜೇಡಿಮಣ್ಣಿನ ನೆಲ ಕುಸಿದು ಶಾಫ್ಟ್‌ಗಳು ಓರೆಯಾಗಿ, ಬೇರಿಂಗ್‌ಗಳು ಒಂದರ ಹಿಂದೆ ಒಂದು ಕೆಡುತ್ತಿದ್ದವು. ಈ ಕಥೆ ಅಪ್ಪನಿಗೆ ಗೊತ್ತಿರಲಿಲ್ಲ. ನಾನು ಓದಿ ಹೇಳಿದ ದಿನ ಅವರಿಗೆ ಆದ ಖುಷಿ ಇನ್ನೂ ಕಣ್ಣಮುಂದಿದೆ.

ಕೇಳುವುದು ಹೀಗೆ. ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗ್ ಇರುವ ಪೆಟ್ಟಿಗೆಯ ಮೇಲೆ ಗಟ್ಟಿಯಾಗಿ ಇಡಿ. ಹಿಡಿಯನ್ನು ಕಿವಿಯ ಮುಂದಿನ ಮೂಳೆಗೆ ಒತ್ತಿ. ಒಳ್ಳೆಯ ಬೇರಿಂಗ್ ಮಳೆ ದೂರದಲ್ಲಿ ಸುರಿದಂತೆ ಒಂದೇ ಸಮ ಸುಯ್ ಅನ್ನುತ್ತದೆ. ಗ್ರೀಸ್ ಒಣಗಿದ್ದರೆ ಕೀರಲು. ಚಕ್ಕೆ ಎದ್ದಿದ್ದರೆ ಲಯ ಇರುವ ಕಟಕಟ ಶಬ್ದ ಬರುತ್ತದೆ, ಯಾಕೆಂದರೆ ಪ್ರತಿ ಗುಂಡೂ ಆ ಗುಳಿಯ ಅಂಚಿಗೆ ಬಡಿಯುತ್ತದೆ. ಹೊಸ ಬೇರಿಂಗ್ ಹಾಕಿದ ದಿನವೇ ಒಮ್ಮೆ ಕೇಳಿ ಆ ಶಬ್ದ ನೆನಪಿಟ್ಟುಕೊಳ್ಳಿ, ಆಮೇಲೆ ತಿಂಗಳಿಗೊಮ್ಮೆ ಕೇಳಿ. ಒಳಗೆ ಮಲಗಿರುವ ಬಿರುಕು ಮಾತ್ರ ಈ ಕಿವಿಗೆ ಕೇಳಿಸುವುದಿಲ್ಲ, ಮೇಲೆ ಬಂದ ಮೇಲೇ ಕೇಳುವುದು. ಹಾಗಾಗಿ ಕಟಕಟ ಕೇಳಿದರೆ ಆ ವಾರವೇ ಬದಲಾಯಿಸಿ, ಹಂಗಾಮು ಮುಗಿಯಲಿ ಅಂತ ಕಾಯಬೇಡಿ.

ಗಾಣದ ಹತ್ತಿರ ಬಾಗುವ ಮೊದಲು ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಳ್ಳಿ, ಜಡೆಯನ್ನು ಮೇಲೆತ್ತಿ ಕಟ್ಟಿ. ಬೆಲ್ಟ್ ಇರುವ ಕಡೆಯಿಂದ ಬೇಡ, ಅದರ ಎದುರು ಕಡೆಯಿಂದ ನಿಂತು ಕೇಳಿ.